ನೋವಿಗೆ ಶಾಖ ಬೇಕು, ಮೈಗೆ ಬೇಡ: ಸೊಂಟದ ಹೀಟಿಂಗ್ ಬೆಲ್ಟ್ 8 ತಿಂಗಳು ಬಳಸಿದ ಮೇಲೆ

ನನಗೆ 48 ವರ್ಷ. ಫೈಬ್ರೊಮಯಾಲ್ಜಿಯಾ ಅಂತ ಡಾಕ್ಟರ್ ಹೇಳಿ 9 ವರ್ಷ ಆಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದರಲ್ಲಿ ಮೈತುಂಬ ನೋವು, ಬೆಳಿಗ್ಗೆ ಎದ್ದರೆ ಸೊಂಟ, ಭುಜ ಎಲ್ಲಾ ಮರದ ಹಾಗೆ ಬಿಗಿ, ಎಷ್ಟು ಮಲಗಿದರೂ ಸುಸ್ತು. ರಕ್ತ ಪರೀಕ್ಷೆಯಲ್ಲಾಗಲಿ ಎಕ್ಸ್‌ರೇಯಲ್ಲಾಗಲಿ ಏನೂ ಕಾಣಿಸುವುದಿಲ್ಲ. ಇದರ ಮೇಲೆ ಹೋದ ವರ್ಷದಿಂದ ಮುಟ್ಟು ಏರುಪೇರಾಗಿದೆ. ಒಂದು ಸಲ 20 ದಿನಕ್ಕೇ, ಇನ್ನೊಂದು ಸಲ ಮೂರು ತಿಂಗಳಾದರೂ ಇಲ್ಲ. 12 ತಿಂಗಳು ಪೂರ್ತಿ ಒಂದು ಸಲವೂ ಮುಟ್ಟಾಗದಿದ್ದರೆ ಮಾತ್ರ ಮುಟ್ಟು ನಿಂತಿತು ಅಂತ ಲೆಕ್ಕವಂತೆ, ನಾನಿನ್ನೂ ಅಲ್ಲಿಗೆ ತಲುಪಿಲ್ಲ. ಆದರೆ ರಾತ್ರಿ ಝಳ (ಹಾಟ್ ಫ್ಲ್ಯಾಶ್, ಅಂದರೆ ಇದ್ದಕ್ಕಿದ್ದ ಹಾಗೆ ಮೈ ಬಿಸಿಯಾಗಿ ಬೆವರುವುದು) ಮಾತ್ರ ಜೋರಾಗಿಯೇ ಶುರುವಾಗಿದೆ.

ಈ ಬೆಲ್ಟ್ ತೊಗೊಂಡಿದ್ದು ಡಿಸೆಂಬರ್‌ನಲ್ಲಿ, ದಾವಣಗೆರೆಯಲ್ಲಿ ಚಳಿ ಇದ್ದಾಗ. 1,150 ರೂಪಾಯಿ. ಕಂಪನಿ ಹೆಸರು ಹೇಳುವುದಿಲ್ಲ, ಯಾಕೆಂದರೆ ಅಂಗಡಿಯಲ್ಲಿ ನೋಡಿದ ಐದಾರು ಬೆಲ್ಟ್‌ಗಳೂ ಹೆಚ್ಚುಕಡಿಮೆ ಒಂದೇ ಮಾದರಿ: ಬಟ್ಟೆಯ ಪಟ್ಟಿ, ಒಳಗೆ ತಂತಿ, ಸೊಂಟಕ್ಕೆ ಕಟ್ಟಿಕೊಳ್ಳಲು ವೆಲ್ಕ್ರೊ, ವೈರಿನ ಮಧ್ಯೆ ಮೂರು ಹಂತದ ಸ್ವಿಚ್. ಮೆಡಿಕಲ್ ಶಾಪ್ ಹುಡುಗ "ಅಕ್ಕ, ಪೀರಿಯಡ್ಸ್ ನೋವಿಗೆ ಎಲ್ಲರೂ ಇದನ್ನೇ ತೊಗೊಂಡು ಹೋಗ್ತಾರೆ" ಅಂದ. ಡಬ್ಬಿಯ ಮೇಲೂ ಹೊಟ್ಟೆ ಹಿಡಿದುಕೊಂಡ 20 ವರ್ಷದ ಹುಡುಗಿಯ ಚಿತ್ರ.

ಮೊದಲ ಎರಡು ತಿಂಗಳು ನಿಜಕ್ಕೂ ಚೆನ್ನಾಗಿತ್ತು. ಬೆಳಿಗ್ಗೆ ಐದೂವರೆಗೆ ಎಚ್ಚರ ಆದ ತಕ್ಷಣ ಮಲಗಿದಲ್ಲೇ ಸೊಂಟಕ್ಕೆ ಕಟ್ಟಿ 20 ನಿಮಿಷ ಬಿಟ್ಟರೆ, ಗೋಡೆ ಹಿಡಿಯದೆ ಎದ್ದು ಬಚ್ಚಲಿಗೆ ಹೋಗಬಹುದು. ಇದು ನನ್ನ ಪಾಲಿಗೆ ಸಣ್ಣ ವಿಷಯ ಅಲ್ಲ. ಮೊದಲಾದರೆ ಮಗಳನ್ನು ಕೂಗಬೇಕಿತ್ತು.

ತೊಂದರೆ ಇರುವುದು ರಾತ್ರಿ. ನೋವು ಶಾಖ ಕೇಳುತ್ತದೆ, ಶಾಖ ಕೊಟ್ಟರೆ ಝಳ ಏಳುತ್ತದೆ. ಸ್ತ್ರೀರೋಗ ಡಾಕ್ಟರ್ ಹೇಳಿದ್ದು ಹೀಗೆ: ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಕಡಿಮೆ ಆಗುತ್ತಾ ಬಂದಾಗ ಮೈ ಬಿಸಿಯನ್ನು ಸರಿತೂಗಿಸುವ ಮೆದುಳಿನ ಭಾಗ ತುಂಬಾ ಸೂಕ್ಷ್ಮವಾಗುತ್ತದೆ, ಮೊದಲು ಲೆಕ್ಕಕ್ಕೇ ಬಾರದಷ್ಟು ಬಿಸಿ ಹೆಚ್ಚಾದರೂ ಅದು ಗಾಬರಿಯಾಗಿ ಬೆವರು ಹರಿಸುತ್ತದೆ. ಅಂದರೆ ನೋವು ಕಳೆಯಲು ಕಟ್ಟಿದ ಬೆಲ್ಟೇ ಝಳವನ್ನು ಎಬ್ಬಿಸುತ್ತಿತ್ತು! ಬೆವರಲ್ಲಿ ನೈಟಿ ಒದ್ದೆ, ನಿದ್ದೆ ಕೆಟ್ಟಿತು, ನಿದ್ದೆ ಕೆಟ್ಟರೆ ಮಾರನೇ ದಿನ ನೋವು ಎರಡು ಪಟ್ಟು. ಈ ಸುತ್ತಿನಿಂದ ಹೊರಗೆ ಬರುವುದೇ ಕಷ್ಟ.

ಆಗ ಗೊತ್ತಾಗಿದ್ದು ಆ ವೆಲ್ಕ್ರೊ ಎಷ್ಟು ಕೆಟ್ಟದ್ದು ಅಂತ. ರಾತ್ರಿ ಎರಡು ಗಂಟೆಗೆ ಎದೆಯಿಂದ ಮುಖದವರೆಗೆ ಬೆಂಕಿ ಹತ್ತಿದ ಹಾಗೆ ಆಗುವಾಗ, ಬಿಗಿದ ಬೆರಳುಗಳಲ್ಲಿ ಅದನ್ನು ಕಿತ್ತು ತೆಗೆಯುವುದಕ್ಕೆ ಆಗುವುದಿಲ್ಲ. ಸ್ವಿಚ್ ಮಂಚದ ಕೆಳಗೆ ಬಿದ್ದಿರುತ್ತದೆ, ಕತ್ತಲಲ್ಲಿ ಹುಡುಕಬೇಕು. ಆಫ್ ಮಾಡಿದರೂ ಹತ್ತು ನಿಮಿಷ ಕಾವು ಹಾಗೇ ಇರುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ವೆಲ್ಕ್ರೊ ಬದಲು ಸುಲಭದ ಕೊಂಡಿ ಇರುವುದು ಇದೆಯಾ ಅಂತ ಕೇಳಿದೆ. "ಸಣ್ಣ ಹಂತದಲ್ಲಿ ಇಟ್ಟುಕೊಳ್ಳಿ ಮೇಡಂ" ಅಂತ ಫೋನ್ ಇಟ್ಟರು. ನನಗೆ ತುಂಬಾ ಬೇಸರವಾಯಿತು. ಸೊಂಟ ನೋವಿನ ಹೆಂಗಸರಲ್ಲಿ ಮುಟ್ಟು ನಿಲ್ಲುವ ವಯಸ್ಸಿನವರು ಎಷ್ಟು ಜನ ಇದ್ದಾರೆ, ಅವರಲ್ಲಿ ಒಬ್ಬರ ಕೈಗಾದರೂ ಕೊಟ್ಟು ನೋಡಬಹುದಿತ್ತು ಅಲ್ವಾ?

ಇನ್ನೊಂದು ಮುಖ್ಯ ಮಾತು. ಜನವರಿಯಲ್ಲಿ ಸೊಂಟದ ಮೇಲೆ ಬಲೆಯ ಹಾಗೆ ಕಂದು ಗೆರೆಗಳು ಬಂದವು. ಚರ್ಮದ ಡಾಕ್ಟರ್ ನೋಡಿದ ಕೂಡಲೇ "ಒಂದೇ ಜಾಗಕ್ಕೆ ದಿನಾ ಶಾಖ ತೊಗೊಳ್ತೀರಾ?" ಅಂತ ಕೇಳಿದರು. ಚರ್ಮ ಸುಡದಿದ್ದರೂ ದಿನವೂ ಗಂಟೆಗಟ್ಟಲೆ ಕಾವು ತಾಗಿದರೆ ಹೀಗಾಗುತ್ತದಂತೆ. ಈಗ 20 ನಿಮಿಷ ದಾಟಿಸುವುದಿಲ್ಲ, ತೆಳ್ಳನೆ ಕಾಟನ್ ಬಟ್ಟೆ ಅಡ್ಡ ಇಟ್ಟೇ ಹಾಕಿಕೊಳ್ಳುತ್ತೇನೆ. ನೋವಿನ ಬಾಮ್ ಹಚ್ಚಿದ ಮೇಲಂತೂ ಬೆಲ್ಟ್ ಬೇಡವೇ ಬೇಡ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆ ಇರುವವರೂ ಇದನ್ನು ಮುಟ್ಟಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಬೆವರಿಗೆ ಬೆಲ್ಟ್ ಒಂದೇ ಕಾರಣ ಅಲ್ಲ ಅನ್ನುವುದೂ ಆಮೇಲೆ ತಿಳಿಯಿತು. ನೋವಿಗೆ ನಾನು ತೊಗೊಳ್ಳುವ ಡ್ಯುಲೊಕ್ಸೆಟಿನ್ ಮಾತ್ರೆಗೇ ಬೆವರು ಜಾಸ್ತಿ ಮಾಡುವ ಗುಣ ಇದೆ. ನೋವಿನ ಡಾಕ್ಟರ್ ಬೇರೆ, ಸ್ತ್ರೀರೋಗ ಡಾಕ್ಟರ್ ಬೇರೆ, ಒಬ್ಬರ ಚೀಟಿ ಇನ್ನೊಬ್ಬರು ನೋಡಿರಲಿಲ್ಲ. ದಯವಿಟ್ಟು ಇಬ್ಬರಿಗೂ ಎಲ್ಲಾ ಚೀಟಿ ತೋರಿಸಿ, ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಮತ್ತೆ, ಮುಟ್ಟು ವರ್ಷ ಪೂರ್ತಿ ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ "ವಯಸ್ಸಿಗೆ ಸಹಜ" ಅಂತ ಸುಮ್ನೆ ಇರಬೇಡಿ, ಡಾಕ್ಟರ್‌ಗೆ ತೋರಿಸಲೇಬೇಕು.

ಹಾಗಾದರೆ ಬೆಲ್ಟ್ ತೊಗೊಳ್ಳಬಹುದಾ? ಬೆಳಗಿನ ಬಿಗಿತಕ್ಕೆ ಖಂಡಿತ ತೊಗೊಳ್ಳಿ, ಅಷ್ಟಕ್ಕೇ ದುಡ್ಡು ಸಾರ್ಥಕ. ತಾನಾಗಿ ಆಫ್ ಆಗುವ ಟೈಮರ್ ಇರುವುದನ್ನೇ ಕೇಳಿ, ನನ್ನದರಲ್ಲಿ ಅದಿಲ್ಲ. ಸುತ್ತಿ ಕಟ್ಟಬೇಡಿ, ಅದರ ಮೇಲೆ ಮಲಗಲೂ ಬೇಡಿ, ಮಗ್ಗುಲಾಗಿ ಮಲಗಿ ಸೊಂಟದ ಮೇಲೆ ಸುಮ್ಮನೆ ಹಾಸಿಕೊಳ್ಳಿ. ಝಳ ಬಂದರೆ ಪಕ್ಕಕ್ಕೆ ಸರಿಸಿದರಾಯಿತು.

ರಾತ್ರಿಗೆ ನಾನು ಅತ್ತೆಯವರ ಹುರುಳಿ ಗಂಟಿಗೆ ವಾಪಸ್ ಬಂದಿದ್ದೇನೆ. ಹಳೆ ಕಾಟನ್ ಸೀರೆ ತುಂಡಿನಲ್ಲಿ ಅರ್ಧ ಕಿಲೋ ಹುರುಳಿ ಕಟ್ಟಿ, ಸಣ್ಣ ಉರಿಯಲ್ಲಿ ಹೆಂಚಿನ ಮೇಲೆ ತಿರುಗಿಸಿ ತಿರುಗಿಸಿ ಬಿಸಿ ಮಾಡಿ, ಮುಂಗೈಗೆ ಒತ್ತಿ ನೋಡಿ, ಆಮೇಲೆ ಸೊಂಟದ ಕೆಳಗೆ ಇಟ್ಟುಕೊಳ್ಳುವುದು. ಹದಿನೈದು ನಿಮಿಷದಲ್ಲಿ ಅದು ತಾನೇ ಆರುತ್ತದೆ, ಸ್ವಿಚ್ ಹುಡುಕುವ ಕೆಲಸ ಇಲ್ಲ. ಹುರುಳಿಯನ್ನು ಎರಡು ತಿಂಗಳಿಗೊಮ್ಮೆ ಬದಲಿಸಿ, ಇಲ್ಲದಿದ್ದರೆ ಸೀದ ವಾಸನೆ ಬರುತ್ತದೆ.