ಮೂರು ವಿಂಬಲ್ಡನ್, ಒಂದು ಬೆಟ್ಟಿಂಗ್ ಆ್ಯಪ್: ತೀರ್ಥಹಳ್ಳಿ ಕಡೆಯ ಬಳಕೆದಾರನ ಅನುಭವ

2023ರಿಂದ 2025ರವರೆಗೆ ಮೂರು ವಿಂಬಲ್ಡನ್ ಟೆನಿಸ್‌ಗೂ ಒಂದೇ ಆ್ಯಪ್‌ನಲ್ಲಿ ದುಡ್ಡು ಕಟ್ಟಿದವನು ನಾನು. ಆ್ಯಪ್‌ನ ಹೆಸರು ಹಾಕುವುದಿಲ್ಲ. ಇಂಥವು ಹತ್ತಾರಿವೆ, ಎಲ್ಲದರ ನಡೆಯೂ ಒಂದೇ. ಐದರಲ್ಲಿ ಒಂದು ಸ್ಟಾರ್ ಕೊಡುತ್ತೇನೆ, ಅದೂ ಒಂದಕ್ಕಿಂತ ಕಡಿಮೆ ಕೊಡಲು ಬರುವುದಿಲ್ಲ ಎಂಬ ಕಾರಣಕ್ಕೆ.

ಶುರುವಾಗಿದ್ದು ಗೆಲುವಿನಿಂದ. 2023ರ ಫೈನಲ್‌ನಲ್ಲಿ ಅಲ್ಕರಾಜ್ ಮೊದಲ ಸೆಟ್ಟನ್ನು ಜೊಕೊವಿಚ್‌ಗೆ 1-6ರಲ್ಲಿ ಬಿಟ್ಟುಕೊಟ್ಟಾಗ ಅವನ ದರ (ಗೆದ್ದರೆ ಹಾಕಿದ ಒಂದು ರೂಪಾಯಿಗೆ ಎಷ್ಟು ವಾಪಸ್ ಬರುತ್ತದೆ ಎಂಬ ಲೆಕ್ಕ) ಏರಿತು, ಸಾವಿರ ರೂಪಾಯಿ ಹಾಕಿದೆ. 4 ಗಂಟೆ 42 ನಿಮಿಷದ ಆಟ, ಹೊರಗೆ ಆಷಾಢದ ಮಳೆ. ಅಲ್ಕರಾಜ್ ಗೆದ್ದ, ದುಡ್ಡು ಎರಡೇ ದಿನದಲ್ಲಿ ಖಾತೆಗೆ ಬಂತು. ಅಷ್ಟು ಬೇಗ ಮತ್ತೆಂದೂ ಬರಲಿಲ್ಲ.

ದರದ ಲೆಕ್ಕ ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು. ಇಬ್ಬರೂ ಸಮಬಲದ ಆಟಗಾರರಾದರೆ ನ್ಯಾಯದ ದರ 2.00. ಆ್ಯಪ್ ತೋರಿಸುವುದು 1.90. ಇಬ್ಬರ ಮೇಲೂ ನೂರು ನೂರು ಹಾಕಿ ನೋಡಿ: ಹೋಗುವುದು 200, ಬರುವುದು 190. ಯಾರು ಗೆದ್ದರೂ ಹತ್ತು ರೂಪಾಯಿ ಅವರದ್ದು. ಸಿಂಗಲ್ಸ್‌ನಲ್ಲೇ ಗಂಡಸರದು 127, ಹೆಂಗಸರದು 127 ಪಂದ್ಯ. ಅದೇ ಸಾವಿರವನ್ನು ಹದಿನಾಲ್ಕು ದಿನ ತಿರುಗಿಸಿದಷ್ಟೂ ಸವೆಯುತ್ತದೆ. 1.20 ದರದ ‘ಗ್ಯಾರಂಟಿ’ ಪಂದ್ಯಗಳು ಇನ್ನೂ ಅಪಾಯ. ಒಂದು ಸಲ ಸೋತದ್ದನ್ನು ತುಂಬಲು ಐದು ಸಲ ಗೆಲ್ಲಬೇಕು. 2024ರಲ್ಲಿ ಹಿಂದಿನ ವರ್ಷದ ಹೆಂಗಸರ ಚಾಂಪಿಯನ್ ವೊಂಡ್ರೊಸೊವಾ ಮೊದಲ ಸುತ್ತಿನಲ್ಲೇ ಸೋತಾಗ ಇದು ತಲೆಗೆ ಹತ್ತಿತು.

ಲೈವ್ ಬೆಟ್ಟಿಂಗ್, ಅಂದರೆ ಆಟ ನಡೆಯುತ್ತಿರುವಾಗಲೇ ದುಡ್ಡು ಕಟ್ಟುವುದರ ಬಗ್ಗೆ ಹೇಳಲೇಬೇಕು. ನಮ್ಮನೆಯಲ್ಲಿ ಮಳೆಗಾಲಕ್ಕೆ ನೆಟ್‌ವರ್ಕ್ ಸಿಗುವುದು ಜಗಲಿಯ ಕೊನೆಯ ಕಂಬದ ಹತ್ತಿರ ಮಾತ್ರ. ಅಲ್ಲಿ ಕಂಬಳಿ ಹೊದ್ದು ಕೂತು ಬಟನ್ ಒತ್ತಿದರೆ ಚಕ್ರ ತಿರುಗುತ್ತಿತ್ತು. ಅಂಕ ನನ್ನ ಕಡೆ ಬಂದಿದ್ದರೆ ‘ದರ ಬದಲಾಗಿದೆ’ ಎಂದು ವಾಪಸ್. ಬಂದಿಲ್ಲದಿದ್ದರೆ ತಕ್ಷಣ ಒಪ್ಪಿಗೆ. ಟೆನಿಸ್ ಅಂಗಳದ ಪಕ್ಕದಿಂದಲೇ ಆ್ಯಪ್‌ನವರಿಗೆ ಮಾಹಿತಿ ಹೋಗುತ್ತದೆ, ನಮ್ಮ ಫೋನಿನ ಚಿತ್ರ ಎಷ್ಟೋ ಸೆಕೆಂಡ್ ಹಿಂದೆ. ನಾವು ಊಹಿಸುತ್ತಿರುವ ಚೆಂಡು ಆಗಲೇ ಬಿದ್ದಾಗಿರುತ್ತದೆ.

2025ರ ಜುಲೈ. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ಮದ್ದಿಗೆ ಮೈಲುತುತ್ತ ತರಲು ಅಪ್ಪಯ್ಯ ಕೊಟ್ಟ ದುಡ್ಡಿನಲ್ಲಿ ಐದು ಸಾವಿರ ಡಿಮಿಟ್ರೊವ್ ಮೇಲೆ ಹಾಕಿದ್ದೆ. ಎದುರಿಗೆ ಸಿನ್ನರ್. ಮಧ್ಯರಾತ್ರಿ ದಾಟಿತ್ತು, ಡಿಮಿಟ್ರೊವ್ 6-3, 7-5ರಲ್ಲಿ ಮುಂದಿದ್ದ. ಮೂರನೇ ಸೆಟ್ 2-2 ಇದ್ದಾಗ ಸರ್ವ್ ಮಾಡಿದವನೇ ಎದೆ ಹಿಡಿದು ಕುಸಿದ. ಆಟ ಅಲ್ಲಿಗೆ ನಿಂತಿತು, ಸಿನ್ನರ್ ಮುಂದಿನ ಸುತ್ತಿಗೆ ಹೋದ. ಒಂದು ಸೆಟ್ ಮುಗಿದಿದ್ದರೆ ಮುಂದಿನ ಸುತ್ತಿಗೆ ಹೋದವನೇ ಗೆದ್ದಂತೆ ಎಂಬುದು ಈ ಆ್ಯಪ್‌ನ ನಿಯಮ, ಇಂಗ್ಲಿಷಿನಲ್ಲಿ ಎಲ್ಲೋ ಕೆಳಗೆ ಬರೆದಿದ್ದಾರೆ. ದುಡ್ಡು ಹೋಯಿತು. ಬೆಳಿಗ್ಗೆ ಅಪ್ಪಯ್ಯ, “ಮೈಲುತುತ್ತ ತಂದ್ಯೇನೋ?” ಅಂದರು. ಸೊಸೈಟಿಯಲ್ಲಿ ಸ್ಟಾಕ್ ಇಲ್ಲ ಅಂದೆ. ಮದ್ದು ಹೊಡೆಯುವುದು ಹದಿನೈದು ದಿನ ತಡವಾಯಿತು, ಕೆಳಗಿನ ತೋಟಕ್ಕೆ ಕೊಳೆ ಬಂತು. ಉದುರಿದ ಹಸಿ ಅಡಿಕೆ ಹೆಕ್ಕುವಾಗ ಅವರ ಮುಖ ನೋಡಲು ನನಗೆ ಆಗಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಇಲ್ಲಿ ದುಡ್ಡು ಹಾಕುವಾಗ ಪ್ರತಿ ಸಲವೂ ಬೇರೆ ಬೇರೆ ಅಪರಿಚಿತರ ಯುಪಿಐ ಕೊಡುತ್ತಾರೆ. ಉಳಿದದ್ದನ್ನು ವಾಪಸ್ ತೆಗೆದಾಗ ಬಂದದ್ದೂ ಅಂಥದೇ ಒಂದು ಖಾತೆಯಿಂದ. ಅದರ ಮೇಲೆ ಬೇರೆ ರಾಜ್ಯದಲ್ಲಿ ಸೈಬರ್ ವಂಚನೆ ದೂರಿತ್ತು. ನನ್ನ ಖಾತೆಗೂ ತಡೆ ಬಿತ್ತು. ಮಂಡಿಯಿಂದ ಬಂದ ಅಡಿಕೆ ದುಡ್ಡೂ ಅದರಲ್ಲೇ ಇತ್ತು. ಬಿಡಿಸಿಕೊಳ್ಳಲು ಶಿವಮೊಗ್ಗಕ್ಕೆ ಎಷ್ಟು ಸಲ ಬಸ್ ಹತ್ತಿದೆನೋ. ಅಪ್ಪಯ್ಯನಿಗೆ ನಿಜ ಹೇಳಿದ್ದು ಆಗಲೇ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆದರೂ ಹೊಸ ನಂಬರುಗಳಿಂದ ‘ಬೋನಸ್’ ಲಿಂಕ್ ಬರುತ್ತಲೇ ಇರುತ್ತದೆ. ದಯವಿಟ್ಟು ಒತ್ತಬೇಡಿ. ಮೋಸ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬಿಡಲಾಗದೆ ಒದ್ದಾಡುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.