ಕಾರಿನ ಒಬಿಡಿ ಡಾಂಗಲ್: ರೋಗ ಹೇಳುವುದರಲ್ಲಿ ಗಟ್ಟಿ, ಡ್ರೈವಿಂಗ್‌ಗೆ ಅಂಕ ಕೊಡುವುದರಲ್ಲಿ ಸೊರಗು

ಸ್ಟೇರಿಂಗ್ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿ 16 ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಒಬಿಡಿ-2 (ಕಾರು ತನ್ನ ದೋಷವನ್ನು ತಾನೇ ಪತ್ತೆಮಾಡಿ ಕೋಡ್ ರೂಪದಲ್ಲಿ ತಿಳಿಸುವ ವ್ಯವಸ್ಥೆ) ಕಡ್ಡಾಯ. ಸರ್ವಿಸ್ ಸೆಂಟರಿನವರು ಸ್ಕ್ಯಾನರ್ ಸಿಕ್ಕಿಸುವುದು ಇದೇ ಸಾಕೆಟ್‌ಗೆ. ಬೆಂಕಿಪೊಟ್ಟಣದಷ್ಟು ದೊಡ್ಡ ಡಾಂಗಲ್ ಒಂದನ್ನು ಅಲ್ಲಿಗೆ ಚುಚ್ಚಿದರೆ ಎಂಜಿನ್ನಿನ ಮಾಹಿತಿ ಬ್ಲೂಟೂತ್ ಮೂಲಕ ಫೋನಿಗೆ ಬರುತ್ತದೆ. ಕಾರು ಇಟ್ಟುಕೊಂಡವರಿಗೆ ಇದು ಖಂಡಿತ ಉಪಯೋಗದ ವಸ್ತು. ಆದರೆ ಪೆಟ್ಟಿಗೆಯ ಮೇಲೆ ಬರೆದಿದ್ದೆಲ್ಲ ಕೈಗೆ ಸಿಗುವುದಿಲ್ಲ.

ಮೊದಲು ನೋಡಬೇಕಾದದ್ದು ಒಳಗಿನ ಚಿಪ್. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಇಎಲ್‌ಎಂ327 ಚಿಪ್ಪಿನ ಮೊದಲ ಆವೃತ್ತಿಗೆ ನಕಲು ತಡೆಯುವ ರಕ್ಷಣೆ ಇರಲಿಲ್ಲ. ಅದರ ನಕಲುಗಳೇ ಇವತ್ತು ಆನ್‌ಲೈನಿನಲ್ಲೂ ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗಳಲ್ಲೂ ಐದುನೂರು ರೂಪಾಯಿ ಆಸುಪಾಸಿಗೆ ಸಿಗುವ ನೀಲಿ ಡಾಂಗಲ್‌ಗಳು. ಮೂಲ ಕಂಪನಿ 2022ರಲ್ಲಿ ಬಾಗಿಲು ಹಾಕಿತು. 'ವರ್ಷನ್ 2.1' ಎಂದು ಅಚ್ಚಾಗಿರುವ ಅಗ್ಗದ ನಕಲುಗಳಲ್ಲಿ ಎಷ್ಟೋ ಕಮಾಂಡ್‌ಗಳೇ ಇರುವುದಿಲ್ಲ. ಕ್ಯಾನ್ ಬಸ್ (ಕಾರಿನೊಳಗಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಹೊಸ ಜಾಲ) ಇರುವ ಕಾರಿನಲ್ಲಿ ಹೇಗೋ ಕೆಲಸ ಮಾಡಿ, ಕೆ-ಲೈನ್ ಎಂಬ ಹಿಂದಿನ ವ್ಯವಸ್ಥೆ ಬಳಸುವ ಹಳೆಯ ಕಾರಿನಲ್ಲಿ 'ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸಿಗಲಿಲ್ಲ' ಎಂದು ಕೂರುತ್ತವೆ. ವರ್ಷಕ್ಕೆರಡು ಸಲ ದೋಷದ ಕೋಡ್ ಓದುವವರಿಗೆ ನಕಲೂ ನಡೆದೀತು. ದಿನವೂ ಬಳಸುವುದಾದರೆ ವೀಪೀಕ್, ವಿಲಿಂಕರ್‌ನಂಥ ನಡುವಿನ ದರ್ಜೆಯದು ಸರಿ. ಒಬಿಡಿಲಿಂಕ್ ಎಲ್ಲಕ್ಕಿಂತ ಗಟ್ಟಿ, ವೇಗವೂ ಹೆಚ್ಚು, ಬೆಲೆಯೂ ಹಾಗೇ.

ಕೊಳ್ಳುವಾಗ ಫೋನ್ ಯಾವುದು ಎಂಬುದೂ ಮುಖ್ಯ. ಹಳೆಯ ಮಾದರಿಯ ಬ್ಲೂಟೂತ್ ಡಾಂಗಲ್ ಸಾಮಾನ್ಯವಾಗಿ ಆಂಡ್ರಾಯ್ಡ್‌ಗೆ ಮಾತ್ರ ಒಗ್ಗುತ್ತದೆ. ಐಫೋನಿಗೆ ಸಾಮಾನ್ಯವಾಗಿ ಬ್ಲೂಟೂತ್ ಎಲ್‌ಇ (ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆ) ಇರುವುದು ಬೇಕು. ವೈಫೈ ಡಾಂಗಲ್ ಐಫೋನಿನಲ್ಲಿ ನಡೆಯುತ್ತದಾದರೂ ಫೋನ್ ಅದರ ವೈಫೈಗೆ ಸೇರಿದೊಡನೆ ಇಂಟರ್‌ನೆಟ್ ಕೈಕೊಡಬಹುದು, ಜೊತೆಗೆ ಮ್ಯಾಪೂ ನಿಂತುಹೋದೀತು.

ಜೋಡಿಸುವ ಕ್ರಮ ಹೀಗೆ. ಡಾಂಗಲ್ ಚುಚ್ಚಿ ಇಗ್ನಿಷನ್ ಆನ್ ಮಾಡಿ. ಹಳೆಯ ಬ್ಲೂಟೂತಾದರೆ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಪೇರ್ ಮಾಡಬೇಕು, ಪಿನ್ ಸಾಮಾನ್ಯವಾಗಿ 1234 ಅಥವಾ 0000. ಎಲ್‌ಇ ಆದರೆ ಸೆಟ್ಟಿಂಗ್ಸ್‌ಗೆ ಹೋಗದೆ ಆ್ಯಪ್ ಒಳಗಿನಿಂದಲೇ ಆರಿಸಿಕೊಳ್ಳಿ. ಇಲ್ಲಿ ಎಡವಿ 'ಡಾಂಗಲ್ ಕೆಟ್ಟಿದೆ' ಎಂದು ವಾಪಸ್ ಕಳಿಸುವವರು ಬಹಳ. ಆ್ಯಪ್‌ಗೆ ಕಾರ್ ಸ್ಕ್ಯಾನರ್ ಒಳ್ಳೆಯ ಆಯ್ಕೆ, ಆಂಡ್ರಾಯ್ಡ್‌ನಲ್ಲಿ ಟಾರ್ಕ್ ಕೂಡ ಇದೆ. ಡಾಂಗಲ್ ಮೊಣಕಾಲಿಗೆ ತಗಲುವಂತಿದ್ದರೆ ಚಪ್ಪಟೆ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ. ಕಾಲು ಬಡಿದೂ ಬಡಿದೂ ಸಾಕೆಟ್ ಸಡಿಲವಾದರೆ ಡಾಂಗಲ್‌ಗಿಂತ ದುಬಾರಿ ರಿಪೇರಿ ಬರುತ್ತದೆ.

ಇನ್ನು ಇದರ ನಿಜವಾದ ಕೆಲಸ. ಚೆಕ್ ಎಂಜಿನ್ ದೀಪ ಹತ್ತಿದಾಗ ಬಹುತೇಕರು ಮೊದಲು ಒತ್ತುವುದು 'ಕ್ಲಿಯರ್' ಬಟನ್. ದಯವಿಟ್ಟು ಒತ್ತಬೇಡಿ. ಕೋಡ್ ಜೊತೆಗೆ ಇಸಿಯು 'ಫ್ರೀಜ್ ಫ್ರೇಮ್' ಎಂಬ ದಾಖಲೆ ಇಟ್ಟಿರುತ್ತದೆ: ದೋಷ ಕಂಡ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಕೂಲಂಟ್ ಎಷ್ಟು ಬಿಸಿಯಿತ್ತು, ಎಂಜಿನ್ ಮೇಲೆ ಎಷ್ಟು ಲೋಡ್ ಇತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಕ್ಲಿಯರ್ ಒತ್ತಿದರೆ ಮೆಕ್ಯಾನಿಕ್‌ಗೆ ಬೇಕಾದ ಆ ಸುಳಿವೇ ಅಳಿಸಿಹೋಗುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಕೋಡ್ ಎಂದರೆ ಬದಲಿಸಬೇಕಾದ ಪಾರ್ಟಿನ ಹೆಸರಲ್ಲ. ಪಿ0171 ಬಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದಷ್ಟೇ ಅರ್ಥ. ಅದನ್ನು ಕಂಡು ಆಕ್ಸಿಜನ್ ಸೆನ್ಸರ್ ಬದಲಿಸುವುದು ದುಡ್ಡು ದಂಡ. ಎಂಜಿನ್ ಬಿಸಿಯಾದ ಮೇಲೆ ಲೈವ್ ಡೇಟಾದಲ್ಲಿ ಲಾಂಗ್ ಟರ್ಮ್ ಮತ್ತು ಶಾರ್ಟ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚಿಸಿದೆ, ತಗ್ಗಿಸಿದೆ ಎಂಬ ಅಂಕಿ) ಎರಡನ್ನೂ ಕೂಡಿಸಿ ನೋಡಿ. ಮೊತ್ತ 10 ಶೇಕಡಾ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐಡಲ್‌ನಲ್ಲಿ +20 ಇದ್ದದ್ದು 2500 ಆರ್‌ಪಿಎಂಗೆ ಏರಿಸಿದಾಗ +4ಕ್ಕೆ ಇಳಿದರೆ ಇನ್‌ಟೇಕ್ ಹೋಸ್ ಅಥವಾ ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರುತ್ತಿದೆ ಎಂದು ಅನುಮಾನಿಸಬೇಕು. ಐಡಲ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಏರಿದರೆ ಫ್ಯೂಯಲ್ ಪಂಪ್, ಫಿಲ್ಟರ್ ಕಡೆ ನೋಡಬೇಕು. ಇಷ್ಟನ್ನು ಬರೆದುಕೊಂಡು ಗ್ಯಾರೇಜಿಗೆ ಹೋದರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಇಲಿ ಕಾಟ ಇರುವ ಊರುಗಳಲ್ಲಿ ಇನ್ನೊಂದು ಕೋಡ್ ನೆನಪಿಡಬೇಕು, ಪಿ0113. ಒಳಬರುವ ಗಾಳಿಯ ತಾಪಮಾನ ಮೈನಸ್ 40 ಡಿಗ್ರಿ ಎಂದು ಆ್ಯಪ್ ತೋರಿಸಿದರೆ ಸೆನ್ಸರ್ ಕೆಟ್ಟಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ತಾಪಮಾನದ ಅಳತೆ ಶುರುವಾಗುವುದೇ ಮೈನಸ್ 40ರಿಂದ. ವೈರ್ ತುಂಡಾದಾಗ ಇಸಿಯುಗೆ ಕಾಣುವುದು ಆ ತುದಿಯ ಅಂಕಿ. ಬಾನೆಟ್ ಎತ್ತಿ ಏರ್ ಫಿಲ್ಟರ್ ಬಳಿಯ ವೈರನ್ನೂ ಕನೆಕ್ಟರನ್ನೂ ಮೊದಲು ನೋಡಿ.

ನಮ್ಮ ರಸ್ತೆಗಳಿಗೆ ಇದರ ದೊಡ್ಡ ಉಪಕಾರ ಕೂಲಂಟ್ ಮೀಟರ್. ಈಚಿನ ಅನೇಕ ಕಾರುಗಳಲ್ಲಿ ತಾಪಮಾನದ ಮುಳ್ಳೇ ಇಲ್ಲ. ಕೆಂಪು ದೀಪ ಹತ್ತುವ ಹೊತ್ತಿಗೆ ಎಂಜಿನ್ ಆಗಲೇ ಕುದಿಯುವ ಹಂತಕ್ಕೆ ಬಂದಿರುತ್ತದೆ. ತುಂಬಿದ ಕಾರಿನಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತುವಾಗ ಆ್ಯಪ್‌ನಲ್ಲಿ 105 ಡಿಗ್ರಿಗೆ ಅಲಾರಂ ಇಟ್ಟುಕೊಂಡರೆ ಎಸಿ ಆರಿಸಲು, ಬದಿಗೆ ನಿಲ್ಲಿಸಲು ಸಮಯ ಸಿಗುತ್ತದೆ. ಇದೊಂದಕ್ಕೇ ಡಾಂಗಲ್ ಕೊಳ್ಳಬಹುದು.

ಮೈಲೇಜ್ ಲೆಕ್ಕ ಅಷ್ಟು ನೆಚ್ಚುವಂಥದ್ದಲ್ಲ. ಗಾಳಿಯ ಹರಿವನ್ನೇ ಅಳೆಯುವ ಎಂಎಎಫ್ ಸೆನ್ಸರ್ ಇರುವ ಪೆಟ್ರೋಲ್ ಕಾರಿನಲ್ಲಿ ಲೆಕ್ಕ ಹತ್ತಿರಕ್ಕೆ ಬರುತ್ತದೆ. ಬರೀ ಗಾಳಿಯ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಇದ್ದರೆ ಆ್ಯಪ್ ಊಹಿಸಬೇಕಾಗುತ್ತದೆ, ಹಾಗಾಗಿ ಎಂಜಿನ್ ಸಿಸಿಯನ್ನು ಸರಿಯಾಗಿ ತುಂಬಬೇಕು. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಎರಡು ಮೂರು ಸಲ ಅಳೆದು, ಬಂಕಿನ ಲೀಟರಿಗೆ ಹೊಂದುವಂತೆ ಆ್ಯಪ್‌ನಲ್ಲಿ ತಿದ್ದುಪಡಿ ಅಂಕಿ ಹಾಕಿ. ಡೀಸೆಲ್‌ನಲ್ಲಿ ಗಾಳಿ-ಇಂಧನದ ಅನುಪಾತ ಸದಾ ಬದಲಾಗುವುದರಿಂದ ಗಾಳಿಯ ಮೇಲಿಂದ ಮಾಡುವ ಈ ಲೆಕ್ಕ ನಂಬಬೇಡಿ.

ಡ್ರೈವಿಂಗ್ ಸ್ಕೋರ್ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಡಾಖಂಡಿತ: ಬೇರೆಯವರ ಜೊತೆ ಹೋಲಿಸಲು ಅದು ಬಾರದು. ಒಬಿಡಿಯಲ್ಲಿ ವೇಗ ಬರುವುದು ಗಂಟೆಗೆ 1 ಕಿ.ಮೀ. ಮೆಟ್ಟಿಲುಗಳಲ್ಲಿ, ಅದೂ ಆ್ಯಪ್ ಕೇಳಿದಾಗ ಮಾತ್ರ. ಒಂದೇ ಸೆಕೆಂಡಿನಲ್ಲಿ 72ರಿಂದ 60ಕ್ಕೆ ಇಳಿದರೆ ಅದು ಸುಮಾರು 0.34 ಜಿ (ಗುರುತ್ವದ ಸುಮಾರು ಮೂರನೇ ಒಂದು ಪಾಲು), ಜೋರು ಬ್ರೇಕೇ. ನಡುವೆ ಒಂದು ರೀಡಿಂಗ್ ತಡವಾದರೆ ಮೆಲ್ಲನೆ ಒತ್ತಿದ ಬ್ರೇಕೂ ಜೋರು ಎಂದು ದಾಖಲಾಗುತ್ತದೆ. ಫೋನಿನ ಸೆನ್ಸರ್ ನಂಬಿದ ಆ್ಯಪ್‌ಗಳಿಗೆ ಗುಂಡಿಯೂ ಬ್ರೇಕೂ ಒಂದೇ ಥರ ಕಾಣಬಹುದು. ಬಣ್ಣ ಬಳಿಯದ ಹಂಪ್‌ಗೆ ಬ್ರೇಕ್ ಹಾಕಿದ ಎಚ್ಚರದ ಚಾಲಕನಿಗೆ ಅಂಕ ಕಳೆಯುವುದು ನ್ಯಾಯವಲ್ಲ. ಅದೇ ಕಾರಿನಲ್ಲಿ ವಾರದಿಂದ ವಾರಕ್ಕೆ ನೋಡಬೇಕಾದದ್ದು ಮೂರೇ: ಎಂಜಿನ್ ಆನ್ ಇದ್ದು ಕಾರು ನಿಂತಿದ್ದ ಸಮಯ, ಕೂಲಂಟ್ ಬಿಸಿಯಾಗುವ ಮೊದಲೇ 3000 ಆರ್‌ಪಿಎಂ ದಾಟಿದ ಸಲಗಳು, ಗರಿಷ್ಠ ವೇಗ. ಓಡಿಸುವ ರೀತಿ ನೋಡಿ ಪ್ರೀಮಿಯಂ ನಿಗದಿಪಡಿಸುವ ವಿಮಾ ಆ್ಯಡ್-ಆನ್‌ಗೆ ವಿಮಾ ನಿಯಂತ್ರಕ ಐಆರ್‌ಡಿಎಐ 2022ರಲ್ಲಿ ಅನುಮತಿ ಕೊಟ್ಟಿದೆ. ಸೇರುವ ಮುನ್ನ ಯಾವ ಅಳತೆ, ಡೇಟಾ ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂದು ಬರಹದಲ್ಲಿ ಕೇಳಿ. ಕಂಪನಿಯ ಸರ್ವರ್ ನಂಬಿದ ಸಾಧನಕ್ಕೆ ಇನ್ನೊಂದು ಅಪಾಯವೂ ಉಂಟು: ಅಮೆರಿಕದಲ್ಲಿ ಹೆಸರು ಮಾಡಿದ್ದ 'ಆಟೊಮ್ಯಾಟಿಕ್' ಎಂಬ ಡಾಂಗಲ್ ಸೇವೆ 2020ರ ಮೇ ತಿಂಗಳಲ್ಲಿ ನಿಂತಾಗ ಬಳಕೆದಾರರು ಆ್ಯಪ್ ಸೇವೆಯನ್ನೇ ಕಳೆದುಕೊಂಡರು.

ಸಾಕೆಟ್ಟಿನ 16ನೇ ಪಿನ್‌ಗೆ ಬ್ಯಾಟರಿ ಕರೆಂಟ್ ಸದಾ ಇರುತ್ತದೆ, ಕೀ ತೆಗೆದರೂ. ನಿದ್ದೆಗೆ ಜಾರದ ಡಾಂಗಲ್ 45 ಮಿಲಿಆಂಪ್ ಎಳೆದರೆ ದಿನಕ್ಕೆ ಸುಮಾರು 1.1 ಆಂಪ್-ಅವರ್ ಖರ್ಚು. 35 ಆಂಪ್-ಅವರ್ ಬ್ಯಾಟರಿ 16 ದಿನದಲ್ಲಿ ಅರ್ಧಕ್ಕಿಳಿಯುತ್ತದೆ, ಕಾರಿನ ಸ್ವಂತ ಖರ್ಚು ಬೇರೆ. ಊರಿಗೆ ಹೋಗುವಾಗ ಕಿತ್ತಿಡಿ. ಬ್ಲೂಟೂತ್ ಜೋಡಿಸುವ ಪಿನ್ ಸಂಖ್ಯೆ 1234 ಆಗಿರುವುದರಿಂದ ಪಕ್ಕದಲ್ಲಿ ನಿಂತವರೂ ಜೋಡಿಸಿಕೊಳ್ಳಬಹುದು ಎಂಬುದೂ ಕೀಳಲು ಕಾರಣ.

ಏರ್‌ಬ್ಯಾಗ್, ಎಬಿಎಸ್ ದೀಪಗಳ ಕೋಡ್ ಸಾಮಾನ್ಯ ಆ್ಯಪ್‌ಗೆ ಸಿಗುವುದು ಕಷ್ಟ. ಎಲೆಕ್ಟ್ರಿಕ್ ಕಾರಿಗೆ ಆ ಮಾದರಿಗೆಂದೇ ಮಾಡಿದ ಪ್ರೊಫೈಲ್ ಆ್ಯಪ್‌ನಲ್ಲಿ ಇದೆಯೇ ನೋಡದೆ ಕೊಳ್ಳಬೇಡಿ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರು ಮಾತ್ರ ಇದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಬೇಕು. ಕೋಡ್ ಇಲ್ಲ ಎಂದು ಬಂದರೆ ಸಾಲದು, ಕಾರಿನ ಸ್ವಯಂ ಪರೀಕ್ಷೆಗಳು ಮುಗಿದಿವೆಯೇ ಎಂದು ತೋರಿಸುವ 'ರೆಡಿನೆಸ್ ಮಾನಿಟರ್' ಪುಟ ತೆರೆಯಿರಿ. ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್ ಪರೀಕ್ಷೆಗಳು ಅಪೂರ್ಣ ಎಂದಿದ್ದರೆ, 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಹತ್ತಿಪ್ಪತ್ತು ಕಿ.ಮೀ. ಅಷ್ಟೇ ಇದ್ದರೆ, ಯಾರೋ ಈಗಷ್ಟೇ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ಅಡ್ವಾನ್ಸ್ ಕೊಡದೆ, ಕಾರು ಇನ್ನೊಂದು ನೂರಿನ್ನೂರು ಕಿ.ಮೀ. ಓಡಿದ ಮೇಲೆ ಮತ್ತೆ ಡಾಂಗಲ್ ಚುಚ್ಚಿ ಓದಿ.