1,18,000 ಕಿ.ಮೀ. ಓಡಿದ ಇ-ಕ್ಲಾಸ್: ಶಿವಮೊಗ್ಗದಲ್ಲಿ ನಾಲ್ಕು ಮಳೆಗಾಲಗಳ ಬಳಕೆ

2014ರ ಮಾದರಿಯ ಮರ್ಸಿಡಿಸ್ ಬೆಂಝ್ ಇ-ಕ್ಲಾಸ್ ಸಾಲಿನ ಇ 250 ಸಿಡಿಐ ಡೀಸೆಲ್ ಕಾರನ್ನು 2021ರಲ್ಲಿ ಬೆಂಗಳೂರಿನ ಖಾಸಗಿ ಮಾಲೀಕರೊಬ್ಬರಿಂದ ಕೊಂಡೆ. ಆಗಲೇ ಅದು 1,18,000 ಕಿಲೋಮೀಟರ್ ಓಡಿತ್ತು. ಹೊಸದರಲ್ಲಿ ತೆರಿಗೆ, ವಿಮೆ ಸೇರಿ ಐವತ್ತು ಲಕ್ಷ ದಾಟಿದ್ದ ಗಾಡಿ ನನಗೆ ಹದಿನಾಲ್ಕು ಲಕ್ಷಕ್ಕೆ ಬಂತು. ಏಳು ವರ್ಷಗಳ ಸವಕಳಿಯ, ಅಂದರೆ ಬೆಲೆ ಇಳಿತದ, ಬಹುಪಾಲು ಮೊದಲ ಮಾಲೀಕರ ತಲೆಯ ಮೇಲೆಯೇ ಹೋಗಿತ್ತು. ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ವಿಧಿಸುವ ಶೇ. 18ರ ಆಜೀವ ತೆರಿಗೆಯನ್ನೂ ಅವರೇ ಕಟ್ಟಿದ್ದರಿಂದ, ನನ್ನ ಪಾಲಿಗೆ ಉಳಿದದ್ದು 29 ಮತ್ತು 30ನೇ ನಮೂನೆಗಳಲ್ಲಿ ಹೆಸರು ವರ್ಗಾಯಿಸಿಕೊಳ್ಳುವ ಕೆಲಸ ಮಾತ್ರ. ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳ ಮೇಲಿನ ನಿರ್ಬಂಧದ ಭಯದಿಂದ ದೆಹಲಿಯ ಗಾಡಿಗಳು ಇನ್ನೂ ಅಗ್ಗಕ್ಕೆ ಸಿಗುತ್ತಿದ್ದವು. ಆದರೆ ಅಂಥದ್ದನ್ನು ಇಲ್ಲಿಗೆ ತಂದರೆ ವಯಸ್ಸಿಗೆ ತಕ್ಕ ತೆರಿಗೆಯನ್ನು ಮತ್ತೆ ಕಟ್ಟಬೇಕು, ನಿರಾಕ್ಷೇಪಣಾ ಪತ್ರಕ್ಕಾಗಿ ಅಲೆಯಬೇಕು. ಅದರ ಸಹವಾಸ ಬೇಡವೆನಿಸಿತು.

ಕಿಲೋಮೀಟರ್ ಸಂಖ್ಯೆ ನನ್ನನ್ನು ಹೆದರಿಸಲಿಲ್ಲ. ಹೆದ್ದಾರಿಯಲ್ಲಿ ಓಡಿ, ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಾದ ಲಕ್ಷ ಕಿಲೋಮೀಟರಿನ ಡೀಸೆಲ್ ಎಂಜಿನ್, ಪೇಟೆಯ ಸಿಗ್ನಲ್‌ಗಳಲ್ಲಿ ಸವೆದ ನಲವತ್ತು ಸಾವಿರದ ಎಂಜಿನ್‌ಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ನಾನು ಕೇಳಿ ಪಡೆದದ್ದು ಸರ್ವಿಸ್ ದಾಖಲೆಗಳನ್ನು, ಕಿವಿಗೊಟ್ಟದ್ದು ಬೆಳಗಿನ ಮೊದಲ ಸ್ಟಾರ್ಟಿನ ಸದ್ದಿಗೆ. ಈ 2143 ಸಿಸಿ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸಿ ಮುಚ್ಚಿಸುವ ಟೈಮಿಂಗ್ ಚೈನ್ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗೆ ಇದೆ. ಅದು ಸಡಿಲಗೊಂಡರೆ ತಣ್ಣಗಿನ ಸ್ಟಾರ್ಟಿನಲ್ಲಿ ಕೆಲವು ಕ್ಷಣ ಗಡಗಡ ಸದ್ದು ಬರುತ್ತದೆ, ಮತ್ತು ಆ ಕೆಲಸಕ್ಕೆ ಕೈಹಾಕಿದರೆ ಖರ್ಚು ಸಣ್ಣದಲ್ಲ. ನನ್ನದರಲ್ಲಿ ಆ ಸದ್ದು ಇರಲಿಲ್ಲ, ಇಂದಿಗೂ ಇಲ್ಲ.

ಇನ್ನು ಖರ್ಚಿನ ವಿಷಯ. ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹದಿನಾಲ್ಕು ಲಕ್ಷದ ಕಾರಿಗೆ ಬರುವ ಬಿಲ್ಲು ಐವತ್ತು ಲಕ್ಷದ ಕಾರಿನದ್ದೇ. ತೀರ್ಥಹಳ್ಳಿ, ಆಗುಂಬೆ ಕಡೆಯ ರಸ್ತೆಗಳಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮುಂದಿನ ಚಕ್ರಗಳನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ಗಳ ರಬ್ಬರ್ ಬುಷ್‌ಗಳು ಸೀಳಿದ್ದವು. ಎರಡೂ ಬದಿಯ ಆರ್ಮ್‌ಗಳಿಗೆ ಅರವತ್ತು ಸಾವಿರದ ಹತ್ತಿರ ಆಯಿತು. ಏಳು ಗೇರಿನ ಆಟೋಮ್ಯಾಟಿಕ್ ಬಾಕ್ಸಿನ ಎಣ್ಣೆ ಬದಲಿಸಿದ ನಮೂದು ಹಳೆಯ ದಾಖಲೆಗಳಲ್ಲಿ ಇರಲಿಲ್ಲವಾದ್ದರಿಂದ ಅದನ್ನೂ ಫಿಲ್ಟರ್ ಸಮೇತ ಮಾಡಿಸಿದೆ. ದೋಷ ಪತ್ತೆಯ ಕಂಪ್ಯೂಟರ್ ಸ್ಕ್ಯಾನರ್ ಬೇಡದ ಕೆಲಸಗಳೆಲ್ಲ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿಯೇ ಮುಗಿಯುತ್ತವೆ. ಉಳಿದವುಗಳಿಗೆ ಮಂಗಳೂರು ಅಥವಾ ಬೆಂಗಳೂರು, ಅಂದರೆ ಒಂದು ದಿನ ಹೋಯಿತೆಂದೇ ಲೆಕ್ಕ.

ಮಲೆನಾಡಿನ ಮಳೆ ಇಂಥ ಕಾರಿಗೆ ಕೊಡುವ ಕಾಟವೇ ಬೇರೆ. ಸನ್‌ರೂಫಿನ ಸುತ್ತಲಿನ ಕಾಲುವೆಯಿಂದ ನೀರು ನಾಲ್ಕು ಮೂಲೆಗಳ ಸಣ್ಣ ಕೊಳವೆಗಳ ಮೂಲಕ ಕೆಳಗಿಳಿಯಬೇಕು. ಹಲಸಿನ ಮರದಡಿ ನಿಲ್ಲಿಸಿದ ಕಾರಿನಲ್ಲಿ ಒಂದು ಕೊಳವೆ ಎಲೆಪುಡಿ, ಪಾಚಿಗಳಿಂದ ಕಟ್ಟಿಕೊಂಡು, ಆಷಾಢದ ಒಂದು ಬೆಳಿಗ್ಗೆ ಎಡಬದಿಯ ಕಾರ್ಪೆಟ್ ಒತ್ತಿದರೆ ನೀರು ಜಿನುಗುತ್ತಿತ್ತು. ಮೆಕ್ಯಾನಿಕ್ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ನಿಧಾನವಾಗಿ ತೂರಿಸಿದಾಗ ಕಪ್ಪು ಕೆಸರಿನ ಉಂಡೆಯೊಂದು ಹೊರಬಿತ್ತು. ವೈರಿಂಗ್ ಕಾರ್ಪೆಟ್ಟಿನ ಅಡಿಯಲ್ಲೇ ಹಾದುಹೋಗುವುದರಿಂದ ಅದನ್ನು ಪೂರ್ತಿ ಎತ್ತಿಸಿ ಒಣಗಿಸಬೇಕಾಯಿತು. ಈಗ ಪ್ರತಿವರ್ಷ ಮೇ ತಿಂಗಳಲ್ಲೇ ಈ ಕೊಳವೆಗಳನ್ನು ಶುಚಿ ಮಾಡಿಸುತ್ತೇನೆ. ಚರ್ಮದ ಸೀಟುಗಳ ಮೇಲೆ ಬೂಷ್ಟು ಬರುವುದನ್ನು ವಾರಕ್ಕೊಮ್ಮೆ ಒರೆಸಿದರೆ ಸಾಕು. ಹಿಂದಿನ ಚಕ್ರಗಳಿಗೆ ಎಳೆತವಿರುವ ಕಾರಾದ್ದರಿಂದ ತೋಟದ ಮನೆಯ ಜಾರುವ ಕೆಮ್ಮಣ್ಣಿನ ಏರಿನಲ್ಲಿ ಇದನ್ನು ನಂಬುವಂತಿಲ್ಲ. ಅಲ್ಲಿಗೆ ಹಳೆಯ ಜೀಪೇ ಸರಿ.

ವಿಮೆಯಲ್ಲಿ ಸವಕಳಿ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಐದು ವರ್ಷ ಮೀರಿದ ಕಾರಿನ ಘೋಷಿತ ಮೌಲ್ಯವನ್ನು, ಅಂದರೆ ಕಾರು ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಲೆಕ್ಕಕ್ಕೆ ಹಿಡಿಯುವ ಬೆಲೆಯನ್ನು, ಕಂಪನಿಯೂ ನಾವೂ ಮಾತಾಡಿ ನಿಗದಿ ಮಾಡಿಕೊಳ್ಳಬೇಕು. ಅಪಘಾತದ ಕ್ಲೇಮಿನಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗಳಿಗೆ ಶೇ. 50 ಕಡಿತ, ಲೋಹದ ಭಾಗಗಳಿಗೆ ಐದರಿಂದ ಹತ್ತು ವರ್ಷದವರೆಗೆ ಶೇ. 40, ಹತ್ತು ದಾಟಿದರೆ ಶೇ. 50. ಈ ಕಡಿತವನ್ನು ತಪ್ಪಿಸುವ ಜೀರೋ ಡೆಪ್ರಿಸಿಯೇಷನ್ ರಕ್ಷಣೆ ಇಷ್ಟು ಹಳೆಯ ಗಾಡಿಗೆ ನನಗೆ ಸಿಗಲಿಲ್ಲ. ಹೀಗಾಗಿ ಒಂದು ಬಂಪರ್ ಒಡೆದರೂ ಅರ್ಧ ಬೆಲೆ ನಮ್ಮ ಜೇಬಿನಿಂದಲೇ.

ಇಷ್ಟಾದರೂ ಈ ಕಾರಿನಲ್ಲಿ ತರೀಕೆರೆ, ಕಡೂರು, ಅರಸೀಕೆರೆ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ಸುಖವೇ ಸುಖ. 204 ಅಶ್ವಶಕ್ತಿಗಿಂತ ಅದರ 500 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಮುಖ್ಯ: ಲಾರಿ ದಾಟಲು ಲೆಕ್ಕ ಹಾಕುತ್ತ ಕೂರಬೇಕಿಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಹತ್ತುವಾಗಲೂ ಎಂಜಿನ್ ಏದುಸಿರು ಬಿಡುವುದಿಲ್ಲ. ದೂರದ ಪ್ರಯಾಣದಲ್ಲಿ ಲೀಟರಿಗೆ ಹದಿನಾಲ್ಕರ ಆಸುಪಾಸು ಕೊಡುತ್ತದೆ.

2025ರ ಸೆಪ್ಟೆಂಬರ್ 22ರಿಂದ ಐಷಾರಾಮಿ ಕಾರುಗಳ ಮೇಲಿನ ಜಿಎಸ್‌ಟಿ ಶೇ. 40ಕ್ಕೆ ನಿಂತು, ಅದರ ಮೇಲಿನ ಹೆಚ್ಚುವರಿ ಸೆಸ್ ಹೋದದ್ದರಿಂದ ಹೊಸ ಕಾರುಗಳ ಬೆಲೆ ಇಳಿಯಿತು. ಅದರ ಹಿಂದೆಯೇ ಹಳೆಯವೂ ಇಳಿದವು. ಆಮೇಲೆ ನನ್ನ ಕಾರನ್ನು ನೋಡಿದ ವ್ಯಾಪಾರಿ ಏಳು ಲಕ್ಷ ಹೇಳಿದರು. ನಾಲ್ಕು ವರ್ಷದಲ್ಲಿ ಏಳು ಲಕ್ಷ ಸವೆಯಿತು, ದುರಸ್ತಿಗೆ ಮೂರು ಲಕ್ಷ ದಾಟಿತು. ಅದೇ ಹದಿನಾಲ್ಕು ಲಕ್ಷಕ್ಕೆ ಹೊಸ ಸೆಡಾನ್ ಕೊಂಡಿದ್ದರೆ ಸವಕಳಿ ಇದಕ್ಕಿಂತ ಬಹಳ ಕಡಿಮೆ ಆಗುತ್ತಿರಲಿಲ್ಲ, ದುರಸ್ತಿಯ ಮೂರು ಲಕ್ಷವಂತೂ ಉಳಿಯುತ್ತಿತ್ತು. ಆ ಮೂರು ಲಕ್ಷ ನನಗೆ ದುಬಾರಿ ಎನಿಸಿಲ್ಲ. ವ್ಯಾಪಾರಿಗೆ ಒಲ್ಲೆ ಎಂದೆ. ನೋಂದಣಿಯ ಹದಿನೈದು ವರ್ಷ ತುಂಬುವ 2029ರವರೆಗೆ ಇದನ್ನೇ ಓಡಿಸುತ್ತೇನೆ.